ರಿಪೋರ್ಟಿನಲ್ಲಿ 12, ಬೆರಳಲ್ಲಿ 98, ಆದರೂ ಉಸಿರಿಲ್ಲ: ಹಿಮೋಗ್ಲೋಬಿನ್ ವೇಷ ಬದಲಿಸಿದಾಗ ಗುರುತಿಸುವುದು ಹೇಗೆ?

ಮೂರು ವರ್ಷದ ಹಿಂದಿನ ಆಷಾಢ. ಶಿರಸಿಯಿಂದ ಸ್ವಲ್ಪ ಒಳಗಿನ ಒಂದು ಮನೆಗೆ ರಕ್ತದ ಸ್ಯಾಂಪಲ್ ತೆಗೆಯಲು ಹೋಗಿದ್ದೆ. ನಾನು ಲ್ಯಾಬ್ ಟೆಕ್ನಿಷಿಯನ್. ಮೊದಲು ಕಾರವಾರ, ಆಮೇಲೆ ಕುಮಟಾ, ಈಗ ಶಿರಸಿ. ಊರು ಬದಲಾದರೂ ಸೂಜಿ ಬದಲಾಗಲಿಲ್ಲ.

ಬಾಣಂತಿ ಕೋಣೆ. ಕಿಟಕಿಗೆ ಹಳೇ ಕಂಬಳಿ ತೂಗಿಬಿಟ್ಟಿದ್ದರು. ಮಂಚದ ಪಕ್ಕ ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಬಾಣಂತಿಗೆ ಬೆಳಗಿನಿಂದ ತಲೆನೋವು, ಎರಡು ಸಲ ವಾಂತಿ. ಪಿತ್ತ ಇರಬೇಕು ಅಂದುಕೊಂಡಿದ್ದರು. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಹಾಕಿದರೆ 98. ಹಿಂದಿನ ವಾರದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 12. ಎಲ್ಲ ಸರಿಯಾಗೇ ಇದೆ ಅಲ್ವಾ? ನನಗೂ ಐದು ನಿಮಿಷದಲ್ಲಿ ತಲೆ ಭಾರ ಆಗತೊಡಗಿತು. ಆಗ ಹೊಳೆಯಿತು, ಇದು ಕೆಂಡದ ಅನಿಲದ ಕಾಟ. ಬಾಗಿಲು, ಕಿಟಕಿ ಎಲ್ಲ ತೆರೆಸಿ, ತಾಯಿ ಮಗು ಇಬ್ಬರನ್ನೂ ಜಗಲಿಗೆ ತಂದು, ಗಾಡಿ ಮಾಡಿಸಿದೆವು. "ಎಂತೂ ಆಗ್ತಿಲ್ಲೆ ತಮಾ, ನಂಗವೆಲ್ಲಾ ಹಿಂಗೇ ಬೆಳದ್ದು" ಎಂದು ಅಜ್ಜಿ ಗೊಣಗಿದರು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಸಂಜೆ ಹೊತ್ತಿಗೆ ತಲೆನೋವು ಹೋಯಿತು.

ಆ ದಿನದಿಂದ ನಾನು ಸಿಕ್ಕವರಿಗೆಲ್ಲ ಹೇಳುವುದು ಒಂದೇ ಮಾತು. ಹಿಮೋಗ್ಲೋಬಿನ್ ಎಷ್ಟಿದೆ ಎಂದು ರಿಪೋರ್ಟ್ ಹೇಳುತ್ತದೆ. ಅದು ಯಾವ ಸ್ಥಿತಿಯಲ್ಲಿದೆ ಎಂದು ಹೇಳುವುದಿಲ್ಲ. ಅದನ್ನು ನಾವೇ ಕೇಳಿ ತಿಳಿಯಬೇಕು.

ಮೊದಲು ದೋಣಿಯ ಲೆಕ್ಕ

ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟಿದವರಿಗೆ ಇದು ಸುಲಭ. ಹಿಮೋಗ್ಲೋಬಿನ್ ಅಂದರೆ ನಾಲ್ಕೇ ಸೀಟಿನ ಒಂದು ಪುಟ್ಟ ದೋಣಿ. ಒಂದೊಂದು ಸೀಟಿನಲ್ಲೂ ಒಂದು ಕಬ್ಬಿಣದ ಕಣ. ಆಮ್ಲಜನಕ ಶ್ವಾಸಕೋಶದ ದಡದಲ್ಲಿ ಹತ್ತುತ್ತದೆ, ಸ್ನಾಯು, ಮೆದುಳಿನ ದಡದಲ್ಲಿ ಇಳಿಯುತ್ತದೆ. ಹತ್ತುವುದು ಎಷ್ಟು ಮುಖ್ಯವೋ ಇಳಿಯುವುದೂ ಅಷ್ಟೇ ಮುಖ್ಯ. ಒಂದೇ ಒಂದು ಕೆಂಪು ರಕ್ತಕಣದಲ್ಲಿ ಇಂಥ ಸುಮಾರು 27 ಕೋಟಿ ದೋಣಿಗಳಿರುತ್ತವೆ. ಕಣದ ಆಯುಸ್ಸು ಸುಮಾರು 120 ದಿನ. ಆಮೇಲೆ ದೋಣಿಗಳೂ ಗುಜರಿಗೆ.

ಈ ದೋಣಿ ಕೆಡುವುದು ಎರಡು ರೀತಿ. ಒಂದು, ಚೆನ್ನಾಗಿಯೇ ಕಟ್ಟಿದ ದೋಣಿಗೆ ಆಮೇಲೆ ಏನೋ ಆಗುವುದು: ಬೇಡದವರು ಹತ್ತುವುದು, ಕಬ್ಬಿಣ ಕೆಡುವುದು, ಸಕ್ಕರೆ ಅಂಟುವುದು. ಇನ್ನೊಂದು, ಕಟ್ಟುವಾಗಲೇ ಹಲಗೆ ಬೇರೆಯಾಗಿರುವುದು, ಅಂದರೆ ಹುಟ್ಟಿನಿಂದ ಬಂದದ್ದು. ಮೊದಲನೆಯದು ಕೆಲವೊಮ್ಮೆ ಗಂಟೆಗಳ ಆಟ. ಎರಡನೆಯದು ಜೀವನಪೂರ್ತಿ ಇರುವಂಥದ್ದು. ಮನೆಯಲ್ಲಿ ಯಾರಿಗಾದರೂ ಏನೋ ಸರಿಯಿಲ್ಲ ಅನ್ನಿಸಿದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ: ಇದು ಇವತ್ತು ಶುರುವಾದದ್ದಾ, ಅಥವಾ ಮೊದಲಿನಿಂದ ಇದ್ದದ್ದಾ?

ಆಕ್ಸಿಮೀಟರನ್ನು ಎಷ್ಟು ನಂಬಬೇಕು

ಬೆರಳಿಗೆ ಹಾಕುವ ಆ ಪುಟ್ಟ ಡಬ್ಬಿ ಎರಡೇ ಬೆಳಕು ಬಿಡುತ್ತದೆ. ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಅವಗೆಂಪು, ಸುಮಾರು 940. ತುಂಬಿದ ದೋಣಿ, ಖಾಲಿ ದೋಣಿ ಎರಡನ್ನು ಬೇರೆ ಮಾಡಲು ಇಷ್ಟು ಸಾಕು. ಜಗತ್ತಿನಲ್ಲಿ ಮೂರನೇ ಬಗೆಯ ದೋಣಿ ಇದೆ ಎಂದು ಅದಕ್ಕೆ ಗೊತ್ತೇ ಇಲ್ಲ.

ಹಾಗಾಗಿ ಎರಡು ಮೋಸ ಆಗುತ್ತದೆ. ಕೆಂಡದ ಹೊಗೆಯ ಇಂಗಾಲದ ಮೊನಾಕ್ಸೈಡ್ ಹತ್ತಿದ ದೋಣಿಯನ್ನು ಅದು ಆಮ್ಲಜನಕದ ದೋಣಿ ಎಂದೇ ಎಣಿಸುತ್ತದೆ. ಮನುಷ್ಯ ಕುಸಿಯುತ್ತಿದ್ದರೂ ಡಬ್ಬಿ 98 ಅನ್ನುತ್ತದೆ. ಕಬ್ಬಿಣ ಕೆಟ್ಟ ದೋಣಿ ಎರಡೂ ಬೆಳಕನ್ನು ಹೆಚ್ಚುಕಡಿಮೆ ಸಮವಾಗಿ ನುಂಗುತ್ತದೆ. ಆಗ ಅಂಕಿ 85ರ ಹತ್ತಿರ ಬಂದು ನಿಂತುಬಿಡುತ್ತದೆ. ಆಮ್ಲಜನಕ ಕೊಟ್ಟರೂ ಮೇಲೇಳುವುದಿಲ್ಲ. ಈ ಎರಡು ಗುರುತನ್ನು ನೆನಪಿಟ್ಟುಕೊಳ್ಳಿ: ಲಕ್ಷಣ ಜೋರಾಗಿದ್ದೂ ಅಂಕಿ ಚೆಂದವಾಗಿರುವುದು, ಮತ್ತು ಆಮ್ಲಜನಕ ಕೊಟ್ಟರೂ ಅಲ್ಲಾಡದ 85.

ಸರಿಯಾದ ಉತ್ತರ ಬೇಕೆಂದರೆ ಕೋ-ಆಕ್ಸಿಮೀಟರ್ ಎಂಬ ಯಂತ್ರ ಬೇಕು. ಅದು ರಕ್ತಕ್ಕೆ ಹಲವು ಬಣ್ಣದ ಬೆಳಕು ಹಾಯಿಸಿ ಒಂದೊಂದು ಬಗೆಯನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ರಕ್ತದ ಅನಿಲ ಪರೀಕ್ಷೆ, ಅಂದರೆ ಎಬಿಜಿ ಮಾಡುವ ಯಂತ್ರದ ಜೊತೆಗೇ ಇರುತ್ತದೆ. ಎಲ್ಲ ಎಬಿಜಿ ಯಂತ್ರದಲ್ಲೂ ಇರುವುದಿಲ್ಲ. ಕೆಲವು ಯಂತ್ರಗಳು ಅಳೆಯದೆ ಸುಮ್ನೆ ಲೆಕ್ಕ ಹಾಕಿ ಅಂಕಿ ಕೊಡುತ್ತವೆ. ಅದಕ್ಕೇ "ಕೋ-ಆಕ್ಸಿಮೆಟ್ರಿ ಇದೆಯಾ?" ಎಂದು ಹೆಸರು ಹಿಡಿದೇ ಕೇಳಿ.

ಸೀಟು ಬಿಡದ ಪ್ರಯಾಣಿಕ: ಕಾರ್ಬಾಕ್ಸಿ ಹಿಮೋಗ್ಲೋಬಿನ್

ಕೆಂಡ, ಸೌದೆ, ಗ್ಯಾಸು, ಪೆಟ್ರೋಲು ಯಾವುದೇ ಇರಲಿ, ಗಾಳಿ ಸಾಲದೆ ಅರೆಬರೆ ಉರಿದರೆ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದ ಕೆಂಡವೇ ಹೆಚ್ಚು ಅಪಾಯ. ಕಣ್ಣು ಉರಿಯುವುದಿಲ್ಲ, ಹಾಗಾಗಿ ಯಾರೂ ಎದ್ದು ಹೊರಗೆ ಹೋಗುವುದಿಲ್ಲ.

ಇದು ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಗಟ್ಟಿಯಾಗಿ ಸೀಟು ಹಿಡಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಒಂದು ಸೀಟಿನಲ್ಲಿ ಇದು ಕೂತರೆ ಉಳಿದ ಮೂರು ಸೀಟಿನ ಆಮ್ಲಜನಕವೂ ದಡದಲ್ಲಿ ಸುಲಭವಾಗಿ ಇಳಿಯುವುದಿಲ್ಲ. ರಕ್ತಹೀನತೆಯಿಂದ ಅರ್ಧ ದೋಣಿ ಕಡಿಮೆಯಾದವರು ನಡೆದಾಡಿಕೊಂಡಿರಬಹುದು. ಇದರಿಂದ ಅರ್ಧ ಸೀಟು ತುಂಬಿದವರು ಪ್ರಜ್ಞೆ ತಪ್ಪಿರುತ್ತಾರೆ. ವ್ಯತ್ಯಾಸ ಇರುವುದು ಇಲ್ಲೇ.

ಬೀಡಿ ಸಿಗರೇಟು ಸೇದದವರಲ್ಲಿ ಇದು ಸಾಮಾನ್ಯವಾಗಿ 2 ಪ್ರತಿಶತದೊಳಗೆ. ಸೇದುವವರಲ್ಲಿ 5ರಿಂದ 10ರವರೆಗೂ ಇರುತ್ತದೆ. ಅಂದರೆ ಅವರ ಹತ್ತು ಸೀಟಲ್ಲಿ ಒಂದು ಖಾಯಂ ರಿಸರ್ವ್!

ನಮ್ಮ ಕಡೆ ಇದು ಎಲ್ಲೆಲ್ಲಿ ಅಡಗಿರುತ್ತದೆ ಎಂದು ಒಮ್ಮೆ ಮನೆ ಸುತ್ತಿ ನೋಡಿ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ಆಯಿತು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಹಂಡೆ ಒಲೆ. ಬಚ್ಚಲ ಒಳಗೇ ಕೂರಿಸಿದ ಗ್ಯಾಸ್ ಗೀಸರ್. ಮಳೆಗಾಲದಲ್ಲಿ ಅಡಿಕೆ ಒಣಗಿಸಲು ಬೆಂಕಿ ಹಾಕುವ ಕೋಣೆ, ಅದರ ಪಕ್ಕದಲ್ಲೇ ರಾತ್ರಿ ಕಾವಲು ಮಲಗುವವರು. ಕರೆಂಟು ಹೋದಾಗ ಪಡಸಾಲೆಯ ಮೂಲೆಯಲ್ಲಿ ಓಡಿಸುವ ಜನರೇಟರ್. ಬೈತಖೋಲ, ತದಡಿ ಕಡೆ ಬೋಟಿನವರಾದರೆ ಎಂಜಿನ್ ಕೋಣೆಗೆ ಅಂಟಿಕೊಂಡ ಮಲಗುವ ಜಾಗ. ಇವುಗಳಲ್ಲಿ ಒಂದಾದರೂ ನಿಮ್ಮ ಮನೆಯಲ್ಲಿ ಇರುತ್ತದೆ, ಬೆಟ್ ಕಟ್ಟುತ್ತೇನೆ.

ಅನುಮಾನ ಬಂದರೆ ಹೀಗೆ ಮಾಡಿ. ಮೊದಲು ಜನ ಹೊರಗೆ, ಆಮೇಲೆ ಬೆಂಕಿ ಹೊರಗೆ. ಒದ್ದೆ ಟವೆಲ್ಲು ಮೂಗಿಗೆ ಕಟ್ಟಿದರೆ ಈ ಅನಿಲ ನಿಲ್ಲುವುದಿಲ್ಲ, ಆ ಧೈರ್ಯದ ಮೇಲೆ ಒಳಗೆ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಇನ್ನೂ ಯಾರಿಗೆ ತಲೆನೋವಿದೆ ಕೇಳಿ. ಒಟ್ಟಿಗೇ ಇಬ್ಬರು ಮೂವರಿಗೆ ತಲೆನೋವು, ವಾಕರಿಕೆ ಬಂದು, ಜ್ವರ ಇಲ್ಲ ಅಂದರೆ ಅದು ಊಟದ ದೋಷ ಅಲ್ಲದೇ ಇರಬಹುದು. ಮನೆಯ ಬೆಕ್ಕು ಮಂಕಾಗಿದೆಯಾ ಎಂದೂ ನೋಡಿ, ನಗಬೇಡಿ.

ಆಸ್ಪತ್ರೆಯಲ್ಲಿ ಹೇಳಬೇಕಾದ ಮೊದಲ ವಾಕ್ಯ: "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು, ಇಷ್ಟು ಗಂಟೆಗೆ ಹೊರಗೆ ತಂದೆವು." ಈ ಹೊತ್ತು ಬಹಳ ಮುಖ್ಯ. ಬರೀ ಗಾಳಿಯಲ್ಲಿ ಉಸಿರಾಡಿದರೆ ಇದು ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು. ಮುಖಕ್ಕೆ ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು 60ರಿಂದ 90 ನಿಮಿಷ. ಹಾಗಾಗಿ ಎರಡು ಗಂಟೆ ಆಮ್ಲಜನಕ ಕೊಟ್ಟ ಮೇಲೆ ರಕ್ತ ತೆಗೆದು "ಏನೂ ಇಲ್ಲ" ಅಂದರೆ ಅದಕ್ಕೆ ಅರ್ಥವಿಲ್ಲ. ಸ್ಯಾಂಪಲ್ ಮೊದಲೇ ತೆಗೆಯಲಿ, ಹಾಗಂತ ಅದಕ್ಕಾಗಿ ಆಮ್ಲಜನಕ ತಡ ಮಾಡುವುದು ಬೇಡ. ಇದಕ್ಕೆ ಅಪಧಮನಿಯ ರಕ್ತವೇ ಆಗಬೇಕೆಂದಿಲ್ಲ, ಸಾಮಾನ್ಯವಾಗಿ ತೋಳಿನಿಂದ ತೆಗೆಯುವ ರಕ್ತವೂ ನಡೆಯುತ್ತದೆ.

ಬಸುರಿಯರಿದ್ದರೆ ಮನೆಯಲ್ಲಿ ಸುಧಾರಿಸಿಕೊಳ್ಳಲಿ ಎಂದು ಬಿಡಲೇಬೇಡಿ. ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ಈ ಅನಿಲವನ್ನು ಇನ್ನೂ ಗಟ್ಟಿ ಹಿಡಿಯುತ್ತದೆ, ಬಿಡುವುದೂ ನಿಧಾನ. ತಾಯಿ ಎದ್ದು ಕೂತಾಗಲೂ ಮಗು ಇನ್ನೂ ಕಷ್ಟದಲ್ಲಿರಬಹುದು.

ಚರ್ಮ ಚೆರ್ರಿ ಹಣ್ಣಿನ ಹಾಗೆ ಕೆಂಪಾಗುತ್ತದೆ ಎಂದು ಪುಸ್ತಕದಲ್ಲಿ ಓದಿರಬಹುದು. ಅದು ಕಾಣುವ ಹೊತ್ತಿಗೆ ಹೆಚ್ಚಾಗಿ ಕೈಮೀರಿರುತ್ತದೆ. ಅದಕ್ಕೆ ಕಾಯಬೇಡಿ. ಅಂದಹಾಗೆ, ಕೆಲವು ದೇಶಗಳಲ್ಲಿ ಟ್ಯೂನಾ ಮೀನಿನ ತುಂಡುಗಳು ದಿನಗಟ್ಟಲೆ ಕೆಂಪಾಗಿ ಕಾಣಲಿ ಎಂದು ಇದೇ ಅನಿಲ ಹಾಯಿಸುತ್ತಾರೆ. ಅಲ್ಲಿ ಬಣ್ಣ ಹಿಡಿದಿಡುವುದು ಹಿಮೋಗ್ಲೋಬಿನ್ನಿನ ತಮ್ಮ, ಸ್ನಾಯುವಿನ ಮಯೋಗ್ಲೋಬಿನ್. ಕಾರವಾರ ಪೇಟೆಯಲ್ಲಿ ಕಿವಿರು ಎತ್ತಿ ನೋಡಿ ಮೀನು ಕೊಳ್ಳುವವರಿಗೆ ಈ ಕಾಟ ಇಲ್ಲ.

ಕಬ್ಬಿಣಕ್ಕೆ ತುಕ್ಕು: ಮೆಟ್‌ಹಿಮೋಗ್ಲೋಬಿನ್

ಕಡಲ ದಂಡೆಯಲ್ಲಿ ಕಬ್ಬಿಣ ಉಳಿಯುವುದಿಲ್ಲ ಎಂದು ನಮಗೆ ಹೇಳಿಕೊಡಬೇಕಾ? ಕಿಟಕಿಯ ಸರಳು ಎರಡು ಮಳೆಗಾಲಕ್ಕೆ ಪುಡಿ. ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೂ ಇಂಥದ್ದೇ ಒಂದು ಗತಿ. ಕೆಲಸ ಮಾಡುವ ಕಬ್ಬಿಣ ಫೆರಸ್ ರೂಪದಲ್ಲಿರುತ್ತದೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಫೆರಿಕ್ ಆಗುತ್ತದೆ. ಆ ಸೀಟಿನಲ್ಲಿ ಆಮ್ಲಜನಕ ಕೂರುವುದಿಲ್ಲ.

ಆರೋಗ್ಯವಂತರಲ್ಲೂ ದಿನಾ ಸ್ವಲ್ಪ ಹೀಗೆ ಆಗುತ್ತಲೇ ಇರುತ್ತದೆ. ಸೈಟೋಕ್ರೋಮ್ ಬಿ5 ರಿಡಕ್ಟೇಸ್ ಎಂಬ ಕಿಣ್ವ ಕೂತು ಅದನ್ನು ತಿಕ್ಕಿ ಸರಿ ಮಾಡುತ್ತದೆ. ಹಾಗಾಗಿ ರಕ್ತದಲ್ಲಿ ಇದು 1 ಪ್ರತಿಶತದ ಆಸುಪಾಸಿನಲ್ಲೇ ಉಳಿಯುತ್ತದೆ. ತುಕ್ಕು ಹಿಡಿಯುವ ವೇಗ ತಿಕ್ಕುವ ವೇಗವನ್ನು ಮೀರಿದಾಗ ತೊಂದರೆ.

ಗುರುತು: ತುಟಿ, ಉಗುರು ನೀಲಿ. ಆದರೆ ಆ ನೀಲಿಗೆ ತಕ್ಕಷ್ಟು ಏದುಸಿರು ಮೊದಮೊದಲು ಇರುವುದಿಲ್ಲ. ಸಾಮಾನ್ಯ ಆಮ್ಲಜನಕ ಕೊರತೆಯಲ್ಲಿ ನೀಲಿ ಕಾಣಲು ಡೆಸಿಲೀಟರಿಗೆ ಸುಮಾರು 5 ಗ್ರಾಂ ಖಾಲಿ ಹಿಮೋಗ್ಲೋಬಿನ್ ಬೇಕು. ಇದಾದರೆ 1.5 ಗ್ರಾಮಿಗೇ ಕಾಣುತ್ತದೆ. 50 ಪ್ರತಿಶತ ದಾಟಿದರೆ ಜೀವಕ್ಕೆ ಅಪಾಯ.

ನಮ್ಮಂಥ ಲ್ಯಾಬಿನವರಿಗೆ ಒಂದು ಹಳೇ ಉಪಾಯ ಗೊತ್ತು. ಬಿಳಿ ಫಿಲ್ಟರ್ ಕಾಗದದ ಮೇಲೆ ಒಂದು ಹನಿ ರಕ್ತ ಹಾಕಿ ಗಾಳಿಗೆ ಬಿಡುವುದು. ಆಮ್ಲಜನಕ ಕಡಿಮೆಯಾಗಿ ಕಪ್ಪಾದ ರಕ್ತ ಗಾಳಿ ತಾಗಿ ಕೆಂಪಾಗುತ್ತದೆ. ಇದು ಚಾಕೊಲೇಟ್ ಬಣ್ಣದಲ್ಲೇ ಉಳಿಯುತ್ತದೆ. ಇಪ್ಪತ್ತೈದು ವರ್ಷದಲ್ಲಿ ಅಂಥ ಹನಿ ನಾನು ಎರಡು ಸಲ ನೋಡಿದ್ದೇನೆ. ಒಮ್ಮೆ ನೋಡಿದರೆ ಮರೆಯುವ ಬಣ್ಣ ಅಲ್ಲ.

ಎರಡರಲ್ಲಿ ಒಂದು ತೋಟದ್ದು. ಹೂವು ಜಾಸ್ತಿ ಬರಲಿ ಎಂದು ಸಿಂಪಡಿಸುವ ಕೆಲವು ಟಾನಿಕ್‌ಗಳಲ್ಲಿ ನೈಟ್ರೋಬೆಂಜೀನ್ ಇರುತ್ತದೆ. ಮಲ್ಲಿಗೆ, ಮೆಣಸಿನಕಾಯಿ, ತರಕಾರಿ ಬೆಳೆಯುವವರು ಬಾಟಲಿ ಲೇಬಲ್ ಒಮ್ಮೆ ಓದಿ. ಕಹಿ ಬಾದಾಮಿಯಂಥ ವಾಸನೆ. ಕುಡಿದರಂತೂ ಸರಿಯೇ, ಚರ್ಮದ ಮೇಲೆ ಚೆಲ್ಲಿದರೂ ಒಳಗೆ ಇಳಿಯುತ್ತದೆ. ಅದನ್ನು ತಂಪು ಪಾನೀಯದ ಹಳೇ ಬಾಟಲಿಗೆ ಸುರಿದಿಡುವ ಅಭ್ಯಾಸ ಇದೆಯಲ್ಲ, ಇವತ್ತೇ ಬಿಡಿ. ಚೆಲ್ಲಿದರೆ ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ, ಬಾಟಲಿ ಜೊತೆಗಿರಲಿ. ಇದು ದೇಹದ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಬರುವ ವಸ್ತು. ಹಾಗಾಗಿ ಒಮ್ಮೆ ಸುಧಾರಿಸಿದವರು ಮತ್ತೆ ನೀಲಿಯಾಗಬಹುದು. "ಈಗ ಆರಾಮಿದ್ದೇನೆ, ಮನೆಗೆ ಹೋಗ್ತೆ" ಎಂದು ಹಟ ಹಿಡಿದರೂ ಒಪ್ಪಬೇಡಿ.

ಇನ್ನೊಂದು ದಾರಿ ಬಾವಿ. ಕೊಟ್ಟಿಗೆ, ಗೊಬ್ಬರ ಗುಂಡಿ, ಶೌಚದ ಗುಂಡಿ ಹತ್ತಿರ ಇದ್ದರೆ ನೀರಿಗೆ ನೈಟ್ರೇಟ್ ಇಳಿಯುತ್ತದೆ. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ದೊಡ್ಡವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ತೊಂದರೆ. ಅವುಗಳಲ್ಲಿ ಆ ತುಕ್ಕು ತಿಕ್ಕುವ ಕಿಣ್ವ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಬಾವಿ ನೀರು ಕುಡಿದ ಕೂಸುಗಳು ನೀಲಿಯಾದದ್ದನ್ನು ಒಬ್ಬ ವೈದ್ಯರು ಬರೆದ ಮೇಲೆ ಲೋಕಕ್ಕೆ ಇದು ತಿಳಿಯಿತು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ನೀರನ್ನು ಇನ್ನಷ್ಟು ಕುದಿಸುವುದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಎದೆಹಾಲೇ ಚೊಲೋ. ಆಗದಿದ್ದರೆ ನೀರು ಪರೀಕ್ಷೆ ಮಾಡಿಸಿಯೇ ಹಾಲಿನ ಪುಡಿ ಕಲಸಿ. ಗ್ರಾಮ ಪಂಚಾಯ್ತಿಯಲ್ಲಿ ಕೇಳಿದರೆ ಪರೀಕ್ಷೆಯ ದಾರಿ ಹೇಳುತ್ತಾರೆ.

ಔಷಧಿಗಳೂ ಇವೆ. ಕುಷ್ಠರೋಗಕ್ಕೆ ಮತ್ತು ಕೆಲವು ಚರ್ಮರೋಗಕ್ಕೆ ಕೊಡುವ ಡ್ಯಾಪ್ಸೋನ್ ಮುಖ್ಯವಾದದ್ದು. ತುಟಿ ನೀಲಿ ಕಂಡರೆ ವೈದ್ಯರಿಗೆ ಹೇಳಿ, ನೀವೇ ಮಾತ್ರೆ ನಿಲ್ಲಿಸಬೇಡಿ. ಹಲ್ಲು ಬರುವ ಕೂಸಿನ ಒಸಡಿಗೆ ಹಚ್ಚುವ ಬೆಂಜೋಕೇನ್ ಜೆಲ್ ಬೇಡವೇ ಬೇಡ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಚ್ಚಬಾರದೆಂದು ಎಚ್ಚರಿಸಿದ್ದು ಇದೇ ಕಾರಣಕ್ಕೆ.

ಚಿಕಿತ್ಸೆ ನೋಡಲು ವಿಚಿತ್ರ. ನೀಲಿಯಾದವರಿಗೆ ನೀಲಿ ಬಣ್ಣವನ್ನೇ ರಕ್ತನಾಳಕ್ಕೆ ಹಾಕುತ್ತಾರೆ, ಮೆಥಿಲೀನ್ ಬ್ಲೂ. ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ, ನಿಧಾನವಾಗಿ. ಅದು ತುಕ್ಕು ತಿಕ್ಕುವ ಇನ್ನೊಂದು ದಾರಿಯನ್ನು ತೆರೆಯುತ್ತದೆ. ಮೂತ್ರ ಹಸಿರುನೀಲಿ ಆಗುತ್ತದೆ, ಹೆದರಬೇಡಿ. ಆದರೆ ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಇದು ಕೆಲಸ ಮಾಡುವುದಿಲ್ಲ, ರಕ್ತಕಣಗಳೇ ಒಡೆಯಬಹುದು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರೂ ಮೊದಲೇ ಹೇಳಬೇಕು, ಕೆಲವು ಮಾತ್ರೆಗಳಿಗೂ ಇದಕ್ಕೂ ಆಗಿಬರುವುದಿಲ್ಲ. ಮೀನಿನ ತೊಟ್ಟಿಗೆ ಹಾಕುವ ನೀಲಿ ಬಾಟಲಿ ಇದೇ ಹೆಸರಿನದು. ಅದನ್ನು ಮನೆಯಲ್ಲಿ ಕುಡಿಸುವ ಸಾಹಸ ಖಂಡಿತ ಬೇಡ.

ಗಂಧಕ ಅಂಟಿದರೆ

ಸಲ್ಫ್‌ಹಿಮೋಗ್ಲೋಬಿನ್ ಅಪರೂಪ. ಕೆಲವು ಸಲ್ಫಾ ಔಷಧಿಗಳಿಂದ ಆಗಬಹುದು. ರಕ್ತಕ್ಕೆ ಹಸಿರು ಛಾಯೆ ಬರುತ್ತದೆ. ಮೆಟ್‌ಹಿಮೋಗ್ಲೋಬಿನ್ನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಎಂದರೆ ಇದು ಸರಿಯಾಗುವುದಿಲ್ಲ. ಮೆಥಿಲೀನ್ ಬ್ಲೂ ಹಾಕಿದರೂ ಜಗ್ಗುವುದಿಲ್ಲ. ಆ ಕಣ ಸತ್ತು ಹೊಸದು ಬರಬೇಕು. ಸಮಾಧಾನ ಏನೆಂದರೆ ಉಳಿದ ಸೀಟುಗಳಿಂದ ಆಮ್ಲಜನಕ ಇನ್ನೂ ಸಲೀಸಾಗಿ ಇಳಿಯುತ್ತದೆ. ನೋಡಲು ಭಯ ಹುಟ್ಟಿಸಿದರೂ ಮನುಷ್ಯ ತಡೆದುಕೊಳ್ಳುತ್ತಾನೆ. ಔಷಧಿ ನಿಲ್ಲಿಸಿ ಕಾಯುವುದೇ ಮದ್ದು, ನಿಲ್ಲಿಸುವುದನ್ನು ವೈದ್ಯರು ಹೇಳಲಿ.

ಬೋಟಿನವರಿಗೆ ಇಲ್ಲೊಂದು ಮಾತು. ಮೀನು ತುಂಬುವ ಮುಚ್ಚಿದ ಅಂಕಣದಲ್ಲಿ ಮೀನು ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಳ್ಳುತ್ತದೆ. ಅದು ಕೊಲ್ಲುವುದು ಹಿಮೋಗ್ಲೋಬಿನ್ ಕೆಡಿಸಿ ಅಲ್ಲ, ಜೀವಕೋಶದೊಳಗಿನ ಉಸಿರಾಟವನ್ನೇ ನಿಲ್ಲಿಸಿ. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಆಮೇಲೆ ಮೂಗು ಸತ್ತು ವಾಸನೆಯೇ ನಿಲ್ಲುತ್ತದೆ. ವಾಸನೆ ಹೋಯಿತು ಎಂದು ಒಳಗೆ ಇಳಿಯಬೇಡಿ. ಬಿದ್ದವನನ್ನು ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ.

ದೋಣಿಯ ತಳಕ್ಕೆ ಅಂಟಿದ ಚಿಪ್ಪು: ಎಚ್‌ಬಿಎ1ಸಿ

ಇದು ಎಲ್ಲರಿಗೂ ಪರಿಚಯದ್ದು, ಆದರೆ ಇದೂ ಬದಲಾದ ಹಿಮೋಗ್ಲೋಬಿನ್ನೇ ಎಂದರೆ ಜನ ಹುಬ್ಬೇರಿಸುತ್ತಾರೆ. ನೀರಲ್ಲಿ ನಿಂತ ದೋಣಿಯ ತಳಕ್ಕೆ ಚಿಪ್ಪು ಅಂಟುವ ಹಾಗೆ, ರಕ್ತದ ಸಕ್ಕರೆ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಚಿಪ್ಪು ಜಾಸ್ತಿ. ದೋಣಿ ಓಡಾಡಲು ಇದರಿಂದ ಅಡ್ಡಿಯೇನಿಲ್ಲ. ನಮಗೆ ಇದು ಲೆಕ್ಕದ ಪುಸ್ತಕ, ಸುಮಾರು ಮೂರು ತಿಂಗಳ ಸರಾಸರಿ.

5.7ಕ್ಕಿಂತ ಕಡಿಮೆ ಸರಿ. 5.7ರಿಂದ 6.4 ಗಡಿ. 6.5 ಅಥವಾ ಮೇಲಾದರೆ ಸಕ್ಕರೆ ಕಾಯಿಲೆ, ಸಾಮಾನ್ಯವಾಗಿ ಇನ್ನೊಮ್ಮೆ ನೋಡಿ ಖಚಿತ ಮಾಡುತ್ತಾರೆ. 7 ಅಂದರೆ ಸರಾಸರಿ ಸಕ್ಕರೆ ಸುಮಾರು 154.

ಈ ಅಂಕಿ ನಿಂತಿರುವುದು ದೋಣಿ 120 ದಿನ ಬಾಳುತ್ತದೆ ಎಂಬ ನಂಬಿಕೆಯ ಮೇಲೆ. ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಚಿಪ್ಪು ಅಂಟಲು ಸಮಯವೇ ಇಲ್ಲ, ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಕಬ್ಬಿಣದ ಕೊರತೆ ಇದ್ದರೆ ಸುಳ್ಳಾಗಿ ಹೆಚ್ಚು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದು ಬೇರೆಯವರ ದೋಣಿಗಳ ಲೆಕ್ಕವೂ ಸೇರಿದ ಅಂಕಿ. ಬೆರಳು ಚುಚ್ಚಿ ನೋಡಿದ ಸಕ್ಕರೆಗೂ ಇದಕ್ಕೂ ತಾಳೆಯೇ ಆಗದಿದ್ದರೆ ಯಂತ್ರವನ್ನು ಬಯ್ಯುವ ಮೊದಲು ಹಿಮೋಗ್ಲೋಬಿನ್ನೇ ಬೇರೆ ಬಗೆಯದಾ ಎಂದು ಕೇಳಿ.

ಕಟ್ಟುವಾಗಲೇ ಬೇರೆಯಾದ ಹಲಗೆ

ಈಗ ಹುಟ್ಟಿನಿಂದ ಬರುವವು. ದೊಡ್ಡವರ ಹಿಮೋಗ್ಲೋಬಿನ್ ಎ ಅಂದರೆ ಎರಡು ಆಲ್ಫಾ ಸರ, ಎರಡು ಬೀಟಾ ಸರ. ಬೀಟಾ ಸರದಲ್ಲಿ 146 ಮಣಿ. ಆರನೇ ಮಣಿಯಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಅದೇ ಕುಡಗೋಲು ಕಣದ ಎಸ್. ಇದು ಅಣುವಿನ ಮಟ್ಟದ ದೋಷ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು. ಕೆಲವೇ ವರ್ಷಗಳ ನಂತರ ವರ್ನನ್ ಇಂಗ್ರಾಮ್ ಆ ಒಂದು ಮಣಿಯನ್ನೇ ಹಿಡಿದರು.

ಎಸ್ ದೋಣಿ ತುಂಬಿದ್ದಾಗ ಸರಿಯಾಗೇ ಇರುತ್ತದೆ. ಆಮ್ಲಜನಕ ಇಳಿದು ಖಾಲಿಯಾದಾಗ ಒಂದಕ್ಕೊಂದು ಅಂಟಿ ಉದ್ದ ಸರಳಾಗುತ್ತವೆ. ಕಣ ಕುಡಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೇ ಆ ತಡೆಯಲಾಗದ ಮೂಳೆ ನೋವು. ಇಂಥ ಮಗುವಿಗೆ ನೀರು ಸಾಕಷ್ಟು ಕುಡಿಸಿ, ಚಳಿಯಲ್ಲಿ ನೆನೆಯಲು ಬಿಡಬೇಡಿ. ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಮಗುವಿನ ಕಾಲದ ಎಫ್ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ನೋವಿನ ಸರದಿ ಕಡಿಮೆ ಮಾಡುತ್ತದೆ.

ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಇದು ಬಂದವರು ವಾಹಕರು. ಅವರು ಸಾಮಾನ್ಯವಾಗಿ ಗಟ್ಟಿಮುಟ್ಟಾಗೇ ಇರುತ್ತಾರೆ. ಮಲೇರಿಯಾ ಇದ್ದ ನಾಡುಗಳಲ್ಲಿ ಈ ಗುಣ ಉಳಿದುಬಂದದ್ದೇ ಅದು ಮಲೇರಿಯಾದಿಂದ ಕಾಪಾಡುತ್ತದೆ ಎಂಬ ಕಾರಣಕ್ಕೆ. ಭಾರತದಲ್ಲಿ ಎಸ್ ಹೆಚ್ಚಾಗಿ ಬುಡಕಟ್ಟು ಸಮುದಾಯಗಳಲ್ಲಿ ಸಿಗುವುದರಿಂದ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಶುರುಮಾಡಿದ ಕುಡಗೋಲು ಕಣ ನಿರ್ಮೂಲನಾ ಮಿಷನ್ ಮೊದಲು ಅಲ್ಲಿಗೇ ಹೋಗಿದೆ. 40 ವರ್ಷದವರೆಗಿನವರ ತಪಾಸಣೆ, ಗುರಿ 2047, ಕರ್ನಾಟಕವೂ ಪಟ್ಟಿಯಲ್ಲಿದೆ. ನಿಮ್ಮ ಕೇರಿಗೆ ತಪಾಸಣೆಯವರು ಬಂದರೆ ಬೆರಳು ಕೊಡಿ, ಕಾರ್ಡನ್ನು ಜೋಪಾನವಾಗಿಡಿ. ಯಾರ ಮುಖ ನೋಡಿಯೂ, ಕುಲ ಕೇಳಿಯೂ ಇದು ಗೊತ್ತಾಗುವುದಿಲ್ಲ. ಇನ್ನೊಂದು, ಕರಗುವಿಕೆಯ ಪರೀಕ್ಷೆ ಪಾಸಿಟಿವ್ ಅಂದರೆ ಎಸ್ ಇದೆ ಎಂದಷ್ಟೇ ಅರ್ಥ. ವಾಹಕರೋ ರೋಗಿಯೋ ಎಂದು ಅದು ಹೇಳುವುದಿಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು, ಅಂದರೆ ರಕ್ತದಲ್ಲಿ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಬೇರ್ಪಡಿಸಿ ಅಳೆಯುವುದು.

ಇ ಮತ್ತು ಡಿ ಎಂಬ ಬಗೆಗಳೂ ಇವೆ. ಇ ಈಶಾನ್ಯ ಭಾರತ, ಬಂಗಾಳದ ಕಡೆ ಜಾಸ್ತಿ, ಡಿ ಪಂಜಾಬಿನ ಕಡೆ.

ನನ್ನ ಟೇಬಲ್ಲಿಗೆ ಹೆಚ್ಚು ಬರುವುದು ಬೀಟಾ ಥಲಸೇಮಿಯಾ ವಾಹಕರ ರಿಪೋರ್ಟು. ಇಲ್ಲಿ ಹಲಗೆ ತಪ್ಪಲ್ಲ, ಬೀಟಾ ಸರದ ಉತ್ಪಾದನೆಯೇ ಕಡಿಮೆ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ವಾಹಕರು ಎಂಬುದು ಒಪ್ಪಿತ ಅಂದಾಜು. ಇವರ ಹಿಮೋಗ್ಲೋಬಿನ್ ಸದಾ 10, 11. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುತ್ತಾರೆ, ಅಂಕಿ ಅಲ್ಲಾಡುವುದಿಲ್ಲ. ಮನೆಯಲ್ಲೇ ಒಂದು ಲೆಕ್ಕ ಮಾಡಿ. ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟಿನಲ್ಲಿ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಅಂಕಿಯನ್ನು ಆರ್‌ಬಿಸಿ (ಕೆಂಪು ಕಣಗಳ ಸಂಖ್ಯೆ) ಅಂಕಿಯಿಂದ ಭಾಗಿಸಿ. ಎಂಸಿವಿ 62, ಆರ್‌ಬಿಸಿ 5.8 ಇದ್ದರೆ 10.7 ಬರುತ್ತದೆ. 13ಕ್ಕಿಂತ ಕಡಿಮೆ ಬಂದರೆ ಥಲಸೇಮಿಯಾ ವಾಹಕತ್ವದ ಅನುಮಾನ. ಎಂಸಿವಿ 70, ಆರ್‌ಬಿಸಿ 4 ಇದ್ದರೆ 17.5, ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಇದು ಸುಳಿವು ಮಾತ್ರ, ತೀರ್ಪಲ್ಲ.

ಎಚ್‌ಪಿಎಲ್‌ಸಿ ರಿಪೋರ್ಟು ಕೈಗೆ ಬಂದಾಗ ಎ2 ಎಂಬ ಸಾಲು ಹುಡುಕಿ, ಅದು ದೊಡ್ಡವರ ರಕ್ತದಲ್ಲಿ ಸ್ವಲ್ಪವೇ ಇರುವ ಇನ್ನೊಂದು ಬಗೆ. 2ರಿಂದ 3.3 ಪ್ರತಿಶತ ಸಾಮಾನ್ಯ. 3.5ಕ್ಕಿಂತ ಹೆಚ್ಚು, 4, 5 ಹೀಗಿದ್ದರೆ ಬೀಟಾ ವಾಹಕರು. ಎ2 ಜಾಗದಲ್ಲಿ 25, 30 ಕಂಡರೆ ಗಾಬರಿ ಬೇಡ, ಅದು ಎ2 ಅಲ್ಲ, ಅದೇ ಜಾಗದಲ್ಲಿ ಬಂದು ಕೂರುವ ಇ. ಎಸ್ ಸಾಲಿನಲ್ಲಿ 35, 40 ಇದ್ದು ಎ ಅದಕ್ಕಿಂತ ಹೆಚ್ಚಿದ್ದರೆ ಎಸ್ ವಾಹಕರು. ಎ ಇಲ್ಲವೇ ಇಲ್ಲ, ಎಸ್ ತುಂಬಿದೆ ಅಂದರೆ ರೋಗ. ಎಫ್ ದೊಡ್ಡವರಲ್ಲಿ 1ರೊಳಗೆ, ಹುಟ್ಟಿದ ಕೂಸಿನಲ್ಲಿ ಅದೇ ಬಹುಪಾಲು. ಅದಕ್ಕಾಗಿ ಥಲಸೇಮಿಯಾ ವಾಹಕತ್ವ ನೋಡಲು ಮಗುವಿಗೆ ವರ್ಷ ತುಂಬಲಿ.

ಪರೀಕ್ಷೆ ಕೆಡಿಸುವ ಎರಡು ವಿಷಯ: ರಕ್ತ ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಬಿಟ್ಟು ಮಾಡಿಸಿ. ಕಬ್ಬಿಣದ ಕೊರತೆ ಜೋರಾಗಿದ್ದರೆ ಎ2 ಇಳಿದು ಕಾಣಬಹುದು, ಗಡಿಯಲ್ಲಿ ಬಂದ ಅಂಕಿಯನ್ನು ಕಬ್ಬಿಣ ಸರಿಮಾಡಿ ಇನ್ನೊಮ್ಮೆ ನೋಡಬೇಕು.

ವಾಹಕರು ಎಂದು ಗೊತ್ತಾದವರು ಮದುವೆ ಆಗಬಾರದು ಎಂದೇನಿಲ್ಲ. ಎದುರಿನವರ ಎಚ್‌ಪಿಎಲ್‌ಸಿ ಒಂದು ಆಗಲಿ, ಅಷ್ಟೇ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವ. ಗರ್ಭದ 10ರಿಂದ 12ನೇ ವಾರದಲ್ಲಿ ಪರೀಕ್ಷಿಸಬಹುದು. ಮೊದಲೇ ಗೊತ್ತಿದ್ದರೆ ಮಾತ್ರ ಆ ವಾರಕ್ಕೆ ಸರಿಯಾಗಿ ಹೋಗಲು ಆಗುತ್ತದೆ. "ಜಾತಕ ಕೂಡಿತು ಮಾರಾಯ್ರೆ, ಇನ್ನೆಂಥ ರಕ್ತ ಪರೀಕ್ಷೆ" ಎಂದು ಒಬ್ಬರು ನನ್ನ ಮುಖಕ್ಕೇ ನಕ್ಕಿದ್ದಾರೆ. ಜಾತಕದ ಕಾಗದದಲ್ಲೇ ಒಂದು ಮೂಲೆಯಲ್ಲಿ ಎ2 ಅಂಕಿ ಬರೆದುಕೊಳ್ಳಿ ಎಂದು ನಾನೂ ನಕ್ಕೆ.

ಹೊರಡುವ ಮೊದಲು

ನಮ್ಮ ಜಿಲ್ಲೆಯ ಪಾಡು ನಿಮಗೆ ಗೊತ್ತು. ಪರಿಸ್ಥಿತಿ ಬಿಗಡಾಯಿಸಿದರೆ ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಓಡುತ್ತಾರೆ. ದಾರಿ ಉದ್ದ. ಹಾಗಾಗಿ ಹತ್ತಿರದ ಆಸ್ಪತ್ರೆಯಲ್ಲಿ ಆಮ್ಲಜನಕ ಶುರು ಮಾಡಿಸಿಯೇ ಮುಂದೆ ಹೊರಡಿ, ಹೊರಡುವಾಗಲೇ ಆ ಕಡೆ ಫೋನ್ ಮಾಡಿ ಕೋ-ಆಕ್ಸಿಮೆಟ್ರಿ ಇದೆಯಾ, ಮೆಥಿಲೀನ್ ಬ್ಲೂ ಇದೆಯಾ ಕೇಳಿಕೊಳ್ಳಿ. ಮೆಟ್‌ಹಿಮೋಗ್ಲೋಬಿನ್ ಸ್ಯಾಂಪಲ್ ತಡವಾದರೆ ಅಂಕಿ ಬದಲಾಗುತ್ತದೆ. ಅದನ್ನು ಬಸ್ಸಿನಲ್ಲಿ ಕಳಿಸಿ ನಾಳೆ ರಿಪೋರ್ಟು ತರಿಸುವುದಕ್ಕಿಂತ ರೋಗಿಯೇ ಅಲ್ಲಿಗೆ ಹೋಗುವುದು ಸರಿ.

ಒಂದು ಚೀಟಿ ಬರೆದು ರೋಗಿಯ ಜೊತೆ ಕಳಿಸಿ. ಲಕ್ಷಣ ಶುರುವಾದ ಹೊತ್ತು. ಕೆಂಡವೋ ಗೀಸರೋ ಸಿಂಪಡಣೆಯೋ, ಏನಿತ್ತು. ಹೊರಗೆ ತಂದ ಹೊತ್ತು, ಆಮ್ಲಜನಕ ಶುರುವಾದ ಹೊತ್ತು. ಆಕ್ಸಿಮೀಟರಿನ ಅಂಕಿ, ಆಮ್ಲಜನಕಕ್ಕೆ ಮೊದಲು ಮತ್ತು ಆಮೇಲೆ. ದಿನಾ ತೆಗೆದುಕೊಳ್ಳುವ ಮಾತ್ರೆಗಳು. ಹಿಂದೆ ಯಾವಾಗಾದರೂ ರಕ್ತ ಹಾಕಿಸಿದ್ದರೆ ಆ ತಿಂಗಳು. ಜಿ6ಪಿಡಿ, ಎಸ್, ಥಲಸೇಮಿಯಾ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು. ಬಾಲ್‌ಪೆನ್ನಿನಲ್ಲೇ ಬರೆದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಕೊಡಿ. ಜುಲೈನಲ್ಲಿ ದೇವಿಮನೆ ಘಟ್ಟ ಇಳಿದು ಬಂದ ಒಂದು ಚೀಟಿಯನ್ನು ಕುಮಟಾದಲ್ಲಿ ಬಿಡಿಸಿ ನೋಡಿದರೆ ಬರೀ ನೀಲಿ ಮಸಿ ಉಳಿದಿತ್ತು.